ದಾರ ಮುಗೀತಾ?

ನನ್ನ ತಂಗಿ ಜನರನ್ನು ನಗಿಸಿ ಹೆಸರು ಮಾಡಿದವಳು. ವೇದಿಕೆ ಮೇಲೆ ಒಬ್ಬಳೇ ನಿಂತು, ಕೈಯಲ್ಲಿ ಮೈಕು ಹಿಡಿದು, ಮುಕ್ಕಾಲು ಗಂಟೆ ಮಾತಾಡುತ್ತಿದ್ದಳು. ಅದರಲ್ಲಿ ಅರ್ಧ ನನ್ನ ಮೇಲೆ. ಮೊದಲ ಸಲ ಕೇಳಿದಾಗ ಎದ್ದು ಹೋಗಿ ಕಪಾಳಕ್ಕೆ ಬಾರಿಸಬೇಕು ಅನ್ನಿಸಿತ್ತು.

"ನಮ್ಮಕ್ಕ ಟೈಲರು. ಬಾಯಲ್ಲಿ ಯಾವಾಗಲೂ ನಾಲ್ಕು ಗುಂಡುಸೂಜಿ ಇರುತ್ತೆ. ಪಾಪ, ಚುಚ್ಚಲ್ವಾ ಅಂತ ಜನ ಕೇಳ್ತಾರೆ. ಅಯ್ಯೋ, ಅದು ಬಾಯಲ್ಲಿ ಇರೋವರೆಗೂ ನೀವು ಬಚಾವು ಕಣ್ರಿ. ಸೂಜಿ ತೆಗೆದ ಮೇಲೆ ಬರುತ್ತಲ್ಲ, ಅದು ಇನ್ನೂ ಚೂಪು!"

ಜನ ಕುರ್ಚಿ ತಟ್ಟಿ ನಕ್ಕರು. ನಾನು ಹಿಂದಿನ ಸಾಲಿನಲ್ಲಿ ಉರಿಯುತ್ತಾ ಕೂತಿದ್ದೆ.

"ಹೊಟ್ಟೆ ಒಳಗೆಳೆದುಕೊಂಡು ಅಳತೆ ಕೊಡೋ ಗಿರಾಕಿಗಳಿಗೆ ನಮ್ಮಕ್ಕ ಏನಂತಾಳೆ ಗೊತ್ತಾ? ಬಿಡ್ರಿ ಉಸಿರು, ನಾನು ಹೊಲಿಯೋದು ಹೊಟ್ಟೆಗೆ, ಆಸೆಗಲ್ಲ!"

ಅದು ನಿಜವಾಗಿ ನಾನೇ ಆಡಿದ ಮಾತು. ಮನೆಗೆ ಬಂದು ಜಗಳ ತೆಗೆದೆ. "ಊರೆಲ್ಲಾ ನನ್ನ ಮಾನ ಹರಾಜು ಹಾಕ್ತೀಯೇನೇ?" ಅಂದೆ.

"ಹರಾಜಾದ್ರೂ ಆಗ್ಲಿ ಬಿಡಕ್ಕ. ಸುಮ್ನೆ ಮನೇಲಿಟ್ಕೊಂಡು ಏನ್ಮಾಡ್ತೀಯ?" ಅಂದಳು. ಅವಳ ಬಾಯಿಗೆ ಬೀಗ ಹಾಕುವವರು ಇನ್ನೂ ಹುಟ್ಟಿಲ್ಲ.

ಅಪ್ಪ ಅಮ್ಮ ಬೇಗ ಹೋದರು. ಆಗ ನನಗೆ ಇಪ್ಪತ್ತು, ಅವಳಿಗೆ ಒಂಬತ್ತು. ಹೊಲಿಗೆ ಮಿಷನ್ನಿನ ಪಕ್ಕದಲ್ಲೇ ಅವಳ ಊಟ, ಓದು, ನಿದ್ದೆ ಎಲ್ಲ. ದೊಡ್ಡವಳಾದ ಮೇಲೆ ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೆಲಸಕ್ಕೆ ಸೇರಿದಳು. ಅಲ್ಲಿ ಒಂದು ಮೈಕಿತ್ತು. ಮಂಗನ ಕೈಗೆ ಮಾಣಿಕ್ಯ ಅಂದುಕೊಂಡೆ ನಾನು. "ಹನ್ನೆರಡರ ಬಸ್ಸು ತಡವಾಗಿ ಹೊರಡುತ್ತದೆ. ಚಾಲಕರು ಊಟ ಮಾಡುತ್ತಿದ್ದಾರೆ. ಅವರು ಹಸಿದು ಓಡಿಸುವುದಕ್ಕಿಂತ ನೀವು ಹಸಿದು ಕಾಯುವುದೇ ಕ್ಷೇಮ" ಎಂದು ಗಂಭೀರವಾಗಿ ಪ್ರಕಟಣೆ ಕೊಟ್ಟಳಂತೆ. ಮೇಲಧಿಕಾರಿ ನೋಟಿಸು ಕೊಟ್ಟ. ಪ್ರಯಾಣಿಕರ ಗುಂಪಿನಲ್ಲಿದ್ದ ಒಬ್ಬ ಮನುಷ್ಯ, ಮುದ್ರಣಾಲಯದ ಮೇಲಿನ ಸಣ್ಣ ಸಭಾಂಗಣ ನಡೆಸುವವನು, ಶನಿವಾರ ಬಂದು ಮಾತಾಡಿ ಅಂತ ಕರೆದ. ಹಾಗೆ ಶುರುವಾಯಿತು.

ಹೊಸ ತಮಾಷೆಗಳನ್ನೆಲ್ಲ ಅವಳು ಮೊದಲು ನನ್ನ ಮುಂದೆ ಹೇಳುತ್ತಿದ್ದಳು. ನಾನು ಸುಲಭಕ್ಕೆ ನಗುವವಳಲ್ಲ. ಹೊಲಿಯುತ್ತಾ ಕೂತಿರುತ್ತಿದ್ದೆ, ಅವಳು ಕಿಟಕಿ ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದಳು. ಮಾತು ಚೆನ್ನಾಗಿದ್ದರೆ ನನಗೆ ಗೊತ್ತಿಲ್ಲದೆ ನನ್ನ ಕಾಲು ಪೆಡಲಿನ ಮೇಲೆ ನಿಂತುಬಿಡುತ್ತಿತ್ತು. ಮಿಷನ್ ನಿಂತರೆ ಆ ತಮಾಷೆ ಪಾಸು. ಓಡುತ್ತಲೇ ಇದ್ದರೆ ಫೇಲು. ಇದು ನಮ್ಮಿಬ್ಬರ ಒಪ್ಪಂದ. ಯಾರು ಯಾವಾಗ ಮಾಡಿದ್ದೋ ನೆನಪಿಲ್ಲ.

ಒಂದು ಸಲ ಕೊಡೆಯ ಬಗ್ಗೆ ಏನೋ ಹೇಳಿದಳು. ಮಿಷನ್ ನಿಂತಿತು. ಕುಣಿದುಕೊಂಡು ಹೋಗಿ ಅದನ್ನು ಐನೂರು ಜನರ ಮುಂದೆ ಹೇಳಿದಳು. ಒಂದು ಕೆಮ್ಮು ಬಿಟ್ಟರೆ ಇನ್ನೇನೂ ಕೇಳಲಿಲ್ಲವಂತೆ. ಮನೆಗೆ ಬಂದು ಚೀಲ ಎಸೆದಳು.

"ನಿಂತಿತ್ತಲ್ಲೇ ನಿನ್ನ ಮಿಷನ್ನು!"

"ಬಾಬಿನ್ನಲ್ಲಿ ದಾರ ಮುಗಿದಿತ್ತು ಕಣೇ," ಅಂದೆ. "ನೀನು ಕೇಳಲೇ ಇಲ್ಲ."

ಅವತ್ತಿನಿಂದ ಮಿಷನ್ ನಿಂತಾಗಲೆಲ್ಲ "ದಾರ ಮುಗೀತಾ?" ಅಂತ ಕೇಳಿ ಖಚಿತ ಮಾಡಿಕೊಂಡ ಮೇಲೇ ಬರೆದುಕೊಳ್ಳುತ್ತಿದ್ದಳು.

ಹೆಸರು ಬಂದ ಮೇಲೆ ಸಿನಿಮಾದವರು ಕರೆದರು. ನಾಲ್ಕು ಸಿನಿಮಾ ಮಾಡಿದಳು. ನಾಲ್ಕರಲ್ಲೂ ಬಿದ್ದಳು. ಒಂದರಲ್ಲಿ ಮೆಟ್ಟಿಲಿಂದ, ಒಂದರಲ್ಲಿ ಏಣಿಯಿಂದ, ಇನ್ನೆರಡರಲ್ಲಿ ಸುಮ್ಮನೆ ನಡೆಯುತ್ತಿದ್ದಾಗಲೇ. ಬಸ್ ನಿಲ್ದಾಣದ ಕೆಲಸ ಬಿಟ್ಟಿದ್ದಳು. ಐದನೆಯದು ಬಂದಾಗ ಓಡಿ ಬಂದು ನನ್ನ ಕತ್ತರಿ ಕಿತ್ತುಕೊಂಡು ಹೇಳಿದಳು: "ಅಕ್ಕ, ಇದರಲ್ಲಿ ನಾನು ಬೀಳಲ್ಲ!"

ಬಟ್ಟೆ ರಿಪೇರಿ ಮಾಡಿ ಹೊಟ್ಟೆ ಹೊರೆಯುವ ಒಬ್ಬ ಹೆಂಗಸಿನ ಪಾತ್ರ ಅದು. ಅವಳ ತಮ್ಮ ಹೊಳೆಯಲ್ಲಿ ಮುಳುಗಿ ಸತ್ತಿದ್ದಾನೆ. ಪೊಲೀಸ್ ಠಾಣೆಯ ಮೇಜಿನ ಮೇಲೆ ಅವನ ಅಂಗಿ ಇಟ್ಟಿದ್ದಾರೆ. ಅದು ಅವನದೇ ಅಂತ ಅವಳು ಹೇಳಬೇಕು.

"ಇಷ್ಟು ದಿನ ಹೆಂಗಿದ್ಯೋ ಹಂಗೇ ಇರಬಾರದಾ? ಜನ ನಗ್ತಿದ್ದಾರೆ, ಅನ್ನ ಹುಟ್ತಿದೆ," ಅಂದೆ.

"ನಗಿಸೋಕೆ ಬರುತ್ತೆ ಅಂತ ಎಲ್ರೂ ಒಪ್ಪಿದ್ದಾರೆ. ಬೇರೇನಾದ್ರೂ ಬರುತ್ತಾ ಅಂತ ನನಗೇ ಗೊತ್ತಿಲ್ಲ ಅಕ್ಕ. ಈಗ ಗೊತ್ತಾಗದಿದ್ರೆ ಸಾಯೋವರೆಗೂ ಬೀಳ್ತಾನೇ ಇರ್ತೀನಿ." ಅವಳು ನಗದೆ ಮಾತಾಡಿದ್ದು ನನಗೆ ಹೊಸದು.

ಚಿತ್ರೀಕರಣದ ಜಾಗದಲ್ಲಿ ನಟರ ಬಟ್ಟೆ ಬಿಗಿ ಮಾಡಲು, ಸಡಿಲ ಮಾಡಲು ಒಬ್ಬರು ಬೇಕಿತ್ತು. ಹಟ ಹಿಡಿದು ನನ್ನನ್ನೇ ಸೇರಿಸಿದಳು. ಒಂದು ಹಳೆಯ ಗೋದಾಮಿನಲ್ಲಿ ಠಾಣೆ ಕಟ್ಟಿದ್ದರು. ಪ್ಲೈವುಡ್ ಗೋಡೆಯ ಈಚೆ ನನ್ನ ಮಿಷನ್. ಕಿವಿಗೆ ಹೆಡ್‌ಫೋನ್ ಹಾಕಿಕೊಂಡ ಧ್ವನಿಮುದ್ರಣದ ಮನುಷ್ಯ ಪ್ರತಿ ಸಲ ಗೋಡೆ ತಟ್ಟಿ, "ರೀ ಅಮ್ಮಾ, ಮಿಷನ್ ನಿಲ್ಸಿ!" ಅಂತ ಕೂಗುತ್ತಿದ್ದ. ನಿಲ್ಲಿಸುತ್ತಿದ್ದೆ. ಗೋಡೆಯ ಸಂದಿನಿಂದ ನೋಡುತ್ತಿದ್ದೆ. "ಕಟ್" ಅಂದ ತಕ್ಷಣ ಮತ್ತೆ ತುಳಿಯುತ್ತಿದ್ದೆ.

"ಈ ಗುಂಡಿ ನಾನೇ ಹಾಕಿದ್ದು," ಅನ್ನುತ್ತಿದ್ದಳು ತಂಗಿ. ನಿಲ್ಲುತ್ತಿದ್ದಳು. "ಬಿಳಿ ದಾರ ಇರಲಿಲ್ಲ. ನೀಲಿ ದಾರದಲ್ಲಿ ಹೊಲಿದೆ." ನಿಲ್ಲುತ್ತಿದ್ದಳು. "ಯಾರು ನೋಡ್ತಾರೆ ಹೋಗೋ ಅಂದಿದ್ದೆ." ಮತ್ತೆ ನಿಂತು, ಎದುರಿಗೆ ಕಣ್ಣು ಹಾಯಿಸುತ್ತಿದ್ದಳು.

ನಿರ್ದೇಶಕಿ ದನಿ ಏರಿಸದ ಹೆಂಗಸು. ಹತ್ತು ಸಲ ತೆಗೆದರು, ಹದಿನಾಲ್ಕು ಸಲ ತೆಗೆದರು. "ಮಾತು ಮುಗಿದ ಮೇಲೆ ಯಾರನ್ನ ಕಾಯ್ತೀರಿ?" ಎಂದು ಕೇಳಿದರು. ಉತ್ತರ ನನಗೆ ಗೊತ್ತಿತ್ತು. ಹದಿನೈದು ವರ್ಷದ ಅಭ್ಯಾಸ. ಮಾತು ಹಾಕಿ, ನಗುವಿಗೆ ಜಾಗ ಬಿಟ್ಟು, ನಗು ಇಳಿದ ಮೇಲೆ ಮುಂದಿನ ಮಾತು ಎತ್ತಿಕೊಳ್ಳಬೇಕು. ಇಲ್ಲಿ ನಗುವವರು ಯಾರೂ ಇಲ್ಲ. ಜಾಗ ಮಾತ್ರ ಹಾಗೇ ಉಳಿದಿತ್ತು.

ಸಂಜೆ ನಿರ್ದೇಶಕಿ ಅವಳ ಭುಜ ಮುಟ್ಟಿ ಹೇಳಿದರು. "ನಾಳೆ ಬೆಳಿಗ್ಗೆ ಒಂದು ಸಲ ನೋಡ್ತೀನಿ. ಆಗದಿದ್ರೆ ಬೇರೆಯವರನ್ನ ಕರೀಬೇಕಾಗುತ್ತೆ. ನಿಮ್ಮ ಮೇಲೆ ಸಿಟ್ಟಿಲ್ಲ."

ಸಿಟ್ಟಿಲ್ಲ ಅನ್ನುವವರನ್ನು ಕಂಡರೆ ನನಗೆ ಸಿಟ್ಟು. ಆದರೆ ಅವರು ಹೇಳಿದ್ದು ಸುಳ್ಳಾಗಿರಲಿಲ್ಲ.

ಮನೆಗೆ ಬಂದು ಅವಳನ್ನು ಕಿಟಕಿ ಕಟ್ಟೆ ಮೇಲೆ ಕೂರಿಸಿದೆ. ಒಂದು ಹಳೆಯ ಅಂಗಿ ಅವಳ ಮಡಿಲಿಗೆ ಎಸೆದು, ನಾನು ಮಿಷನ್ನಿಗೆ ಕೂತೆ.

"ಹೇಳು."

"ನಿನ್ನ ಮಿಷನ್ ನಿಂತ ತಕ್ಷಣ ನನ್ನ ಮನಸ್ಸು ತಾನಾಗೇ ನಗೂಗೆ ಕಾದು ನಿಲ್ಲುತ್ತೆ ಅಕ್ಕ. ಅಲ್ಲೂ ನಿಲ್ಲಿಸ್ತೀಯಲ್ಲ, ನಗು ಬಂತು ಅಂತಲೇ ಅನ್ಸುತ್ತೆ."

"ಇವತ್ತು ನಿಲ್ಲಿಸಲ್ಲ. ಹೇಳು."

ಹೇಳಿದಳು. ನಾನು ತುಳಿಯುತ್ತಲೇ ಇದ್ದೆ. ಅವಳು ಮಾತು ನಿಲ್ಲಿಸಿದಳು, ನಾನು ಮಿಷನ್ ನಿಲ್ಲಿಸಲಿಲ್ಲ. ಮತ್ತೆ ಹೇಳಿದಳು. ಒಂದು ಪರದೆಯ ನಾಲ್ಕೂ ಅಂಚು ಮುಗಿದವು. ಎರಡನೆಯ ಪರದೆ ಹಿಡಿದೆ.

"ತಲೆ ಕೆಡ್ತಿದೆ, ನಿಲ್ಸೇ!" ಅಂತ ಕಿರುಚಿದಳು.

"ನಾನ್ಯಾಕೆ ನಿಲ್ಲಿಸ್ಲಿ? ಅಲ್ಲಿ ನಿನ್ನ ತಮ್ಮ ಸತ್ತಿದ್ದಾನೆ, ನೀನು ಚಪ್ಪಾಳೆಗೆ ಕಾಯ್ತಿದ್ದೀಯ!"

ಮಾತು ಒರಟಾಯಿತು. ಅವಳ ಮುಖ ಸಣ್ಣದಾಯಿತು. ಅಂಗಿಯನ್ನು ಮಡಿಲಲ್ಲಿ ಹರಡಿಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು:

"ಅಕ್ಕ, ಇದು ನನ್ನ ಅಂಗಿಯಾಗಿದ್ರೆ ನೀನೇನು ಮಾಡ್ತಿದ್ದೆ?"

"ಬಾಯಿ ಮುಚ್ಚು."

"ನಿಜ ಹೇಳೇ. ನೋಡಿದ ತಕ್ಷಣ ಏನು ಮಾಡ್ತಿದ್ದೆ?"

ಎದ್ದು ಹೋಗಿ ಅಂಗಿ ಕಿತ್ತುಕೊಂಡೆ. ಬೈಯಬೇಕು ಅಂತಲೇ ಎದ್ದಿದ್ದು. ಆದರೆ ಕೈ ಅದರ ಪಾಡಿಗೆ ಅದು ಅಂಗಿಯನ್ನು ತಿರುವಿ ಹಾಕಿತು. ಹೊಲಿಯುವವರು ಬಟ್ಟೆಯ ಹೊರಮೈ ನೋಡುವುದಿಲ್ಲ. ಹೊರಗೆ ಎಲ್ಲರದೂ ಒಂದೇ ಥರ ಕಾಣುತ್ತದೆ. ಒಳಮೈ ನೋಡಬೇಕು, ದಾರ ಎಲ್ಲಿ ಗಂಟು ಹಾಕಿದೆ, ಎಷ್ಟು ಸುತ್ತು ಸುತ್ತಿದೆ ಅಂತ. ನನ್ನ ಗಂಟು ಸಾವಿರದಲ್ಲಿದ್ದರೂ ನನಗೆ ಗೊತ್ತಾಗುತ್ತದೆ.

"ಮೊದಲು ತಿರುಗಿಸಿ ನೋಡ್ತಿದ್ದೆ," ಅಂದೆ. "ನನ್ನ ಗಂಟು ಅಲ್ಲದೇ ಇರಲಿ ಅಂತ."

ಅಂಗಿಯನ್ನು ಅವಳ ಮೇಲೆ ಎಸೆದು ಮಿಷನ್ನಿಗೆ ಹೋಗಿ ಕೂತೆ, ಜೋರಾಗಿ ತುಳಿದೆ. ಅವಳು ನನ್ನ ಕೈ ಮಾಡಿದ್ದನ್ನೇ ಮಾಡುತ್ತಾ, ಮಿಷನ್ನಿನ ಸದ್ದಿನ ನಡುವೆಯೇ ಮಾತು ಹೇಳುತ್ತಾ ಹೋದಳು. ನಾನು ಪೂರ್ತಿ ತಿರುಗಲಿಲ್ಲ, ಓರೆಗಣ್ಣಿನಲ್ಲೇ ಕಂಡೆ. ಆಮೇಲೆ ನೋಡಿದರೆ ಪರದೆಯನ್ನು ನನ್ನ ಸೆರಗಿಗೇ ಸೇರಿಸಿ ಒಂದು ಗೇಣು ಹೊಲಿದಿದ್ದೆ.

ಬೆಳಿಗ್ಗೆ ಠಾಣೆಯ ಮೇಜಿನ ಅಂಗಿಗೆ ನಾನೇ ಗುಂಡಿ ಹಾಕಿದೆ. ನೀಲಿ ದಾರ, ಒಳಗಡೆ ನನ್ನ ಮೂರು ಸುತ್ತಿನ ಗಂಟು. ಗೋಡೆ ತಟ್ಟಿದರು. ಮಿಷನ್ ನಿಲ್ಲಿಸಿದೆ. ಎದೆಯ ಸದ್ದನ್ನೂ ನಿಲ್ಲಿಸಿ ಅಂತ ಆ ಮನುಷ್ಯ ಕೂಗುತ್ತಾನೇನೋ ಅನ್ನಿಸಿತು.

"ಇದು ನಿಮ್ಮ ತಮ್ಮನದಾ?" ಅಂತ ಪೊಲೀಸ್ ಪಾತ್ರದವನು ಕೇಳಿದ.

ತಂಗಿ ಅಂಗಿ ಎತ್ತಿಕೊಂಡು ತಿರುವಿ ಹಾಕಿದಳು. ಒಳಗಿನ ಗಂಟಿನ ಮೇಲೆ ಹೆಬ್ಬೆರಳು ಇಟ್ಟಳು. ಅಲ್ಲೇ ಇಟ್ಟಳು.

"ಈ ಗುಂಡಿ ನಾನೇ ಹಾಕಿದ್ದು. ಬಿಳಿ ದಾರ ಇರಲಿಲ್ಲ, ನೀಲಿ ದಾರದಲ್ಲಿ ಹೊಲಿದೆ. ಯಾರು ನೋಡ್ತಾರೆ ಹೋಗೋ ಅಂದಿದ್ದೆ." ಹೇಳುತ್ತಾ ಹೇಳುತ್ತಾ ಅಂಗಿಯನ್ನು ಮತ್ತೆ ಹೊರಮೈಗೆ ತಿರುಗಿಸಿ, ಕಾಲರು ಎಳೆದು ಸರಿ ಮಾಡಿ, ಹಾಕಿಕೊಳ್ಳುವವನು ಬಾಗಿಲಲ್ಲಿ ಕಾಯುತ್ತಿದ್ದಾನೆ ಅನ್ನುವ ಹಾಗೆ ಮಡಿಚಿಟ್ಟಳು. ಮಾತಿನ ನಡುವೆ ಜಾಗವಿತ್ತು. ಈಗ ಆ ಜಾಗದಲ್ಲಿ ಅವಳ ಕೈಗಳಿದ್ದವು.

ನಿರ್ದೇಶಕಿ "ಕಟ್" ಅಂದರು. ಅದೂ ಕೇಳಿಸಿದ್ದು ಕಷ್ಟದಲ್ಲಿ. ಆಮೇಲೆ ಯಾರೂ ಉಸಿರೆತ್ತಲಿಲ್ಲ. ಧ್ವನಿಮುದ್ರಣದವನು ಹೆಡ್‌ಫೋನ್ ಕಿತ್ತು ಕೊರಳಿಗೆ ಇಳಿಸಿಕೊಂಡು ನೆಲ ನೋಡುತ್ತಿದ್ದ.

ತಂಗಿಗೆ ದಿಗಿಲಾಯಿತು. ಅವಳ ಬದುಕಿನಲ್ಲಿ ಇಂಥ ಮೌನಕ್ಕೆ ಒಂದೇ ಅರ್ಥ, ಆ ಕೊಡೆಯ ರಾತ್ರಿಯ ಅರ್ಥ. ಗಾಬರಿಯಿಂದ ಪ್ಲೈವುಡ್ ಗೋಡೆಯ ಕಡೆ ಬಂದು ತಲೆ ಹಾಕಿದಳು. ನಾನು ಮಿಷನ್ನಿನ ಮೇಲೆ ಎರಡೂ ಕೈ ಇಟ್ಟು, ಮೂಗು ಒರೆಸಿಕೊಳ್ಳಲೂ ತೋಚದೆ ಕೂತಿದ್ದೆ. ಬೇರೆ ಯಾರಾದರೂ ನೋಡಿದ್ದರೆ ಬೈದು ಕಳಿಸುತ್ತಿದ್ದೆ.

ಅವಳು ಇನ್ನೂ ನಿಂತೇ ಇದ್ದ ಮಿಷನ್ ನೋಡಿದಳು. ನನ್ನ ಮುಖ ನೋಡಿದಳು.

"ದಾರ ಮುಗೀತಾ?" ಅಂದಳು ಪಿಸುಮಾತಿನಲ್ಲಿ.

"ಇಲ್ಲ ಕಣೇ," ಅಂದೆ. "ದಾರ ಇದೆ."