ಹುಕ್ಕೇರಿಯ ತವರು

ಕಂಬಳಿಯ ವಾಸನೆ, ಹಸಿ ಉಣ್ಣೆಯದು, ಬೆಳಗಿನ ಜಿಟಿಜಿಟಿ ಮಳೆಗೆ ತೊಯ್ದು ಈಗ ಗೋಕಾಕದ ಈ ಠಾಣೆಯ ಫ್ಯಾನಿನ ಗಾಳಿಗೆ ಅರೆಬರೆ ಒಣಗುತ್ತಿರುವುದು, ಅಪ್ಪ ಬಾಜೂಕ್ಕೇ ಕೂತಿದ್ದಾನೆ, ನಾನು ಅತ್ತ ತಿರುಗಬಾರದು, ತಿರುಗಿದರೆ ಕಲಿತ ಮಾತು ಬಾಯಿಗೆ ಬರುವುದಿಲ್ಲ — ಅಪ್ಪ ಅಂತ ಮನಸ್ಸಿನಲ್ಲೂ ಅನ್ನಬೇಡ, ಬೀರಸಿದ್ದಪ್ಪ ಅನ್ನು, ಹುಕ್ಕೇರಿ ಕಡೆಯ ಕುರಿಗಾರ ಬೀರಸಿದ್ದಪ್ಪ, ನಿನಗೆ ಅವನು ಯಾರೂ ಅಲ್ಲ. ಸಾಹೇಬರು ಒಳಗೆ ಕರೆದಾಗ ಹೇಳಬೇಕಾದದ್ದು ಇಷ್ಟೇ, ನಾನು ಸುಮನಾ, ನೇಪಾಳದವಳು, ಸುಳ್ಳು ಹೇಳಿ ಆಧಾರ ಕಾರ್ಡು ಮಾಡಿಸಿಕೊಂಡವಳು ನಾನೇ, ಈ ಮುದುಕನಿಗೆ ಏನೂ ತಿಳಿಯದು. ಹಾಗಂದರೆ ಅವನು ಸಂಜೆಯ ಬಸ್ಸಿಗೆ ಊರಿಗೆ ಹೋಗುತ್ತಾನೆ, ಅನ್ನದಿದ್ದರೆ ನನ್ನ ಜೊತೆ ಅವನೂ ಜೈಲಿಗೆ, ಈ ವಯಸ್ಸಿನಲ್ಲಿ, ಈ ಕೆಮ್ಮಿನಲ್ಲಿ. ಅವನಿಗೆ ಇದನ್ನು ಮೊದಲೇ ಹೇಳಲಿಲ್ಲ, ಹೇಳಿದ್ದರೆ ಒಪ್ಪುತ್ತಿರಲಿಲ್ಲ. ಕಂಬಳಿ ಮಡಚಿ ಇಟ್ಟುಕೋ ಅಂತ ಪೊಲೀಸಪ್ಪ ಗದರುತ್ತಾನೆ, ಅಪ್ಪ ಮಡಚುತ್ತಾನೆ, ಚಹಾ ಕುಡಿತೀ ಏನಬೇ ಅಂತ ನನ್ನನ್ನು ಕೇಳುತ್ತಾನೆ, ನಾನು ಗೋಡೆ ನೋಡುತ್ತೇನೆ.

ಮೂಡಲಗಿಯಲ್ಲಿ ಅಣ್ಣನ ಗೋಬಿ ಗಾಡಿ, ಕಡಾಯಿಯ ಹೊಗೆ, ಕಬ್ಬಿನ ಟ್ರ್ಯಾಕ್ಟರು ರಸ್ತೆ ಪಕ್ಕ ನಿಲ್ಲಿಸಿ ಲಗಮಪ್ಪ ದಿನಾ ಬರುತ್ತಿದ್ದ, ಒಂದು ದಿನ ಪ್ಲೇಟು ದೂಡಿ, ನಿನ್ನ ಸಲುವಾಗಿ ತಿಂದು ತಿಂದು ಹೊಟ್ಟಿ ಕೆಟ್ಟೈತಿ, ಇನ್ನ ನೀನ ಮನಿಗೆ ಬಂದು ರೊಟ್ಟಿ ಬಡಿ ಅಂದ, ಬೇರೆ ಹೇಗೆ ಕೇಳಬೇಕೋ ಅವನಿಗೆ ಬರುತ್ತಿರಲಿಲ್ಲ. ಅಣ್ಣ ಆಗಲೇ ಕತಾರಿಗೆ ಹೊರಟು ನಿಂತಿದ್ದ, ಒಪ್ಪಿ ಹೋದವನು ಮತ್ತೆ ಫೋನು ಎತ್ತಲಿಲ್ಲ. ಲಗಮಪ್ಪನ ಊರು ಮಸಗುಪ್ಪಿಯಲ್ಲಿ ಅತ್ತೆ ಮುದಕವ್ವ ನನ್ನ ಗದ್ದ ಹಿಡಿದು ನೋಡಿ, ಹುಡುಗಿ ಚಲೋ ಅದಾಳ, ಆದರ ತವರಿಲ್ಲದಾಕಿನ್ನ ಹೆಂಗ ತುಂಬಿಸಿಕೊಳ್ಳೂದು, ಒಪ್ಪಿಸಿಕೊಡಾಕ ಯಾರರ ಬೇಕಲ್ಲ ಅಂದಳು. ಆಗ ಅವರ ಹೊಲದಲ್ಲಿ ಕುರಿ ನಿಲ್ಲಿಸಿದ್ದವನು ಈ ಅಪ್ಪ, ಎಲೆ ಅಡಿಕೆ ಮೆಲ್ಲುತ್ತ, ನನಗ ಮಕ್ಕಳಿಲ್ಲ, ನಾ ಕೊಡತೇನಿ, ಹುಡುಗಿ ನನ್ನಾಕಿ ಅನ್ರಿ ಅಂದ, ಒಂದು ಮರಿ ಕೊಡುತ್ತೇನೆ ಅಂದಷ್ಟು ಹಗುರವಾಗಿ. ಅವನ ಮನೆಯಲ್ಲೇ ಅರಿಷಿಣ ಹಚ್ಚಿದರು, ಅವನ ಹೆಂಡತಿ ಲಗಮವ್ವ ಉಡಿ ತುಂಬಿದಳು, ಅಕ್ಕಿಕಾಳು ಬಿದ್ದ ಮೇಲೆ ನನ್ನನ್ನು ಅತ್ತೆಗೆ ಒಪ್ಪಿಸುವಾಗ ಅಪ್ಪ ಅತ್ತುಬಿಟ್ಟ, ಗಂಡಿನ ಕಡೆಯವರು ನಕ್ಕರು, ನಾಕ ದಿನದ ಮಗಳಿಗೆ ಇಷ್ಟ ಅಳತೀಯಲ್ಲೋ ಮಾರಾಯಾ. ಅಂದೇ ಹೆಸರೂ ಬದಲಾಯಿತು, ಲಕ್ಷ್ಮೀ ಅಂದರು, ನಾನು ತಿರುಗಿ ನೋಡುವುದನ್ನು ಕಲಿತೆ. ಆಮೇಲೆ ಅಪ್ಪ ಪ್ರತಿ ನಾಗರ ಪಂಚಮಿಗೆ ಬಂದ, ಹೆಣ್ಣುಮಗಳು ತವರಿಗೆ ಹೋಗದಿದ್ದರೆ ಊರು ನಗುತ್ತದೆ ಅಂತ, ಉಂಡಿಯ ಡಬ್ಬಿ ಹಿಡಿದು ಬಸ್ಸಿನಲ್ಲಿ ಬರುತ್ತಿದ್ದ, ಮಗಳು ದೀಪಾ ಹುಟ್ಟಿದ ಮೇಲೆ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಕರೆದೊಯ್ಯುತ್ತಿದ್ದ. ಮತ್ತೆ ಆ ಆಧಾರ ಕಾರ್ಡಿನ ದಿನ, ಹುಕ್ಕೇರಿಯಲ್ಲಿ, ಕಂಪ್ಯೂಟರಿನ ಹುಡುಗ ನನ್ನ ಮುಖ ನೋಡಿ, ಕಾಕಾ, ಮಗಳು ನಿನ್ನಂಗ ಇಲ್ಲಲ್ಲ ಅಂದರೆ ಅಪ್ಪ ಒಂಚೂರೂ ಅಳುಕದೆ, ಅವರವ್ವನ್ನ ಹೋಲತಾಳ ತಮ್ಮಾ, ನೀ ಅಕಿನ್ನ ನೋಡಿಲ್ಲ. ಬಸ್‌ಸ್ಟ್ಯಾಂಡಿನವರೆಗೆ ನಗುತ್ತ ಬಂದೆವು, ಮಿರ್ಚಿ ತಿನ್ನಿಸಿದ, ಅದು ಅಪರಾಧ ಅಂತ ನಮಗೆ ಯಾರಿಗೂ ಹೊಳೆಯಲಿಲ್ಲ, ಮಗಳನ್ನಾಗಿ ಮಾಡಿಕೊಂಡ ಮೇಲೆ ಮಗಳೆಂದು ಬರೆಸುವುದರಲ್ಲಿ ಏನು ತಪ್ಪು ಅಂತ ಎಲ್ಲರೂ ತಿಳಿದಿದ್ದರು.

ಲಗಮಪ್ಪನ ಟ್ರ್ಯಾಕ್ಟರು ಹಳ್ಳಕ್ಕೆ ಉರುಳಿತು, ಹೋದ ಹಂಗಾಮಿನಲ್ಲಿ, ಕಬ್ಬು ಅವನ ಮೇಲೆ — ಬೇಡ, ಅದು ಬೇಡ ಈಗ. ಹೊಲಕ್ಕೆ ನನ್ನ ಮತ್ತು ದೀಪಾಳ ಹೆಸರು ಹಚ್ಚಬೇಕು ಅಂದಾಗ ಮೈದುನ ವಿಠ್ಠಲ ಅಂಗಳದಲ್ಲಿ ನಿಂತು, ಪರದೇಶದಾಕಿಗೆ ನಮ್ಮಪ್ಪನ ಹೊಲ ಯಾಕ, ನಾ ಠಾಣೇಕ ಅರ್ಜಿ ಕೊಡತೇನಿ ಅಂದ, ನಾನು ಕಲಸಿದ ಹಿಟ್ಟಿನ ರೊಟ್ಟಿ ತಿಂದು ಹೋಗಿ ಕೊಟ್ಟೂ ಬಿಟ್ಟ. ವಕೀಲರು ಕಾಗದವೆಲ್ಲ ತಿರುವಿ ಕನ್ನಡಕ ತೆಗೆದರು, ನೇಪಾಳದವರಿಗೆ ಇಲ್ಲಿ ಇರಾಕ ವೀಸಾ ಬೇಕಾಗಂಗಿಲ್ಲವ್ವಾ, ನೀ ನೇಪಾಳದಾಕಿ ಅಂತನ ಇದ್ದಿದ್ದರ, ಲಗ್ನ ರಜಿಸ್ಟ್ರಿ ಮಾಡಿಸಿದ್ದರ, ಮುಂದ ಇಲ್ಲಿ ನಾಗರಿಕಳಾಗಾಕ ಅರ್ಜಿ ಹಾಕಬಹುದಿತ್ತು, ನಿನ್ನ ನಮ್ಮಾಕಿ ಮಾಡಾಕ ಹೋಗಿ ಇವರು ಕಳ್ಳಿ ಮಾಡಿಟ್ಟಾರ. ಅಲ್ಲಿಯದಾದರೂ ಕಾಗದ ಇದೆಯೇ ಅಂತ ಕೇಳಿದರು, ಇಲ್ಲ, ನಾಗರಿಕತ್ವದ ಚೀಟಿ ಮಾಡಿಸುವ ವಯಸ್ಸಿಗೆ ಮುಂಚೆಯೇ ಅಣ್ಣನ ಹಿಂದೆ ಬಂದೆ, ಈಗ ಅಲ್ಲಿ ಕೇಳಿದರೆ ತಂದೆಯನ್ನೋ ಗಂಡನನ್ನೋ ತೋರಿಸು ಅನ್ನುತ್ತಾರಂತೆ, ತಂದೆ ಬೂದಿಯಾಗಿ ನದಿಗೆ ಹೋದ, ಗಂಡ ಮಸಗುಪ್ಪಿಯ ಮಣ್ಣಿನಲ್ಲಿದ್ದಾನೆ. ದೀಪಾ ಇಲ್ಲಿಯವಳೇ, ಅವಳಿಗೆ ತೊಂದರೆ ಇಲ್ಲ ಅಂದರು ವಕೀಲರು, ಸಮಾಧಾನಕ್ಕೆ ಅಂದದ್ದು, ನನಗೆ ಕೇಳಿಸಿದ್ದು ಅವಳು ಇಲ್ಲಿ ನಾನು ಎಲ್ಲೋ ಅಂತ.

ಕರೆದರು. ಎದ್ದೆ, ಅಪ್ಪನೂ ಎದ್ದ, ನನಗಿಂತ ಮುಂದೆ ಹೋಗಿ ಮೇಜಿನೆದುರು ನಿಂತು, ನನ್ನ ಮಗಳ್ರಿ ಸಾಹೇಬ್ರ, ಬೇಕಾದರ ಊರಾಗ ಕೇಳ್ರಿ. ಅಜ್ಜಾ, ಸುಮ್ಮನಿರು ಅಂದು ಸಾಹೇಬರು ನನ್ನ ಕಡೆ ತಿರುಗಿದರು, ಇವ ನಿನಗ ಏನಾಗಬೇಕು. ಏನೂ ಆಗಬೇಕಾಗಿಲ್ರಿ ಅಂದೆ. ಅಪ್ಪ ನಕ್ಕ, ನಾನು ಅಂಜಿದ್ದೇನೆ ಅಂದುಕೊಂಡ, ಹುಚ್ಚಿ, ಅಂಜಬ್ಯಾಡ, ನಾ ಅದೇನಿ. ಇವರ ಹೆಸರು ಹೇಳಿ ಕಾರ್ಡ ಮಾಡಿಸಿದ್ದು ನಾನ್ರಿ, ಇವರಿಗೆ ಗೊತ್ತಿಲ್ರಿ, ಇವರು ನನಗ ಯಾರೂ ಅಲ್ರಿ — ನನ್ನ ದನಿಯೇ, ನೆಟ್ಟಗೆ, ಪಾಠ ಒಪ್ಪಿಸುವ ಹಾಗೆ. ಅವನ ನಗು ಮುಖದ ಮೇಲೆ ಹಾಗೇ ನಿಂತು ನಿಧಾನಕ್ಕೆ ಇಳಿಯಿತು, ಬಾಯಿ ತೆರೆದ, ನನ್ನನ್ನು ನೋಡಿದ, ಮುಚ್ಚಿದ. ರೈಟರು ಬರೆದುಕೊಂಡರು, ಮುದುಕ ಮೋಸ ಹೋಗಿದ್ದಾನೆ ಅಂತ, ಪೊಲೀಸಪ್ಪ ಅವನ ಹೆಬ್ಬೆರಳು ಹಿಡಿದು ಶಾಯಿಗೆ ಅದ್ದಿ ಕಾಗದಕ್ಕೆ ಒತ್ತಿದ, ಉಣ್ಣೆ ಕತ್ತರಿಸುವಾಗ ಕುರಿ ಕಾಲು ಕೊಡುವಂತೆ ಅಪ್ಪ ಕೈ ಕೊಟ್ಟ. ಹೋಗಜ್ಜಾ, ಬಸ್ ಸಿಗತೈತಿ ನೋಡು. ಅವನು ಬಾಗಿಲಿಗೆ ಹೋಗಲಿಲ್ಲ, ನನ್ನ ಹತ್ತಿರ ಬಂದ, ಹೊರಡುವಾಗಲೆಲ್ಲ ನೆತ್ತಿ ಮುಟ್ಟುವವನು, ಕೈ ಎತ್ತಿದ, ಎತ್ತಿದ ಕೈ ನಿಂತಿತು, ಶಾಯಿ ಹತ್ತೀತು ಅಂತಲೋ, ನಾನು ಯಾರೂ ಅಲ್ಲ ಅಂತಲೋ, ಕೇಳುವ ಹಾಗಿಲ್ಲ, ತಲೆ ಬಗ್ಗಿಸಿ ನಿಂತಿದ್ದೇನೆ, ನೆತ್ತಿಯ ಮೇಲೆ ಹೆಬ್ಬೆರಳು, ನೀಲಿ, ಹಸಿ, ಕೆಳಗೆ ಬರುತ್ತಿಲ್ಲ, ಹಿಂದಕ್ಕೂ ಹೋಗುತ್ತಿಲ್ಲ, ಹೆಬ್ಬೆರಳು, ನೀಲಿ ಹೆಬ್ಬೆರಳು, ಕೂದಲಿಗೆ ಇಷ್ಟೇ ಇಷ್ಟು ದೂರ