ಸಾಕ್ಷಿ ಗುಳಿ

ಹಳದಿ, ಪರೀಕ್ಷೆಯ ತಟ್ಟೆಯ ಸಾಲಿನಲ್ಲಿ ಒಂದೇ ಒಂದು ಗುಳಿ, ಆ ಸಾಲಿನ ಉಳಿದವೆಲ್ಲ ನೀರಿನಷ್ಟು ತಿಳಿ — ಪ್ರಯೋಗಾಲಯದ ಗಾಜುಬಾಗಿಲಿನ ಮೇಲೆ ಬಿಸಿಲಿನ ಚುಕ್ಕೆ ಬಿದ್ದರೂ ಸಾಕು, ನನಗೆ ಕಾಣುವುದು ಅದೇ, ಎಚ್‌ಐವಿ ಸೋಂಕಿದ್ದ ರಕ್ತದ ಚೀಲವೊಂದು ರೋಗಿಯ ತೋಳಿಗೆ ಏರದಂತೆ ಈ ಆಸ್ಪತ್ರೆಯಲ್ಲಿ ಮೊದಲು ತಡೆದವಳು ನಾನು, ಹೌದು, ನಾನೇ, ಹೆಮ್ಮೆಪಡುವುದಕ್ಕೆ ಈ ವಯಸ್ಸಿನಲ್ಲಿ ಯಾರ ಅಪ್ಪಣೆ ಬೇಕು — ಅಂದು ಕರೆಂಟು ಹೋಗಿತ್ತು, ಜನರೇಟರ್ ಎಂಬುದು ಆಪರೇಷನ್ ಕೋಣೆಯವರ ಸ್ವತ್ತು, ನಮ್ಮ ಕಾವುಪೆಟ್ಟಿಗೆ ಕಲ್ಲಿನಂತೆ ತಣ್ಣಗೆ, ಮೊದಲ ತಟ್ಟೆ ಕೆಟ್ಟಿತು, ಬಿಸಾಡಿದೆ, ಎರಡನೆಯದಕ್ಕೆ ಅಂಟುಹಾಳೆ ಮುಚ್ಚಿ, ಚೀಲದೊಳಗೆ ಚೀಲವಿಟ್ಟು, ಹೊಟ್ಟೆಗೆ ಒತ್ತಿ ಶಾಲು ಬಿಗಿದು ಕುಳಿತೆ, ಪರೀಕ್ಷೆ ಬೇಡುವುದು ಮನುಷ್ಯರ ಮೈಶಾಖವನ್ನೇ, ಅದೊಂದು ನನ್ನಲ್ಲಿ ಧಾರಾಳವಾಗಿತ್ತಲ್ಲ, ಕಸ ತೆಗೆಯಲು ಬಂದ ಆಯಾ ನನ್ನ ನಡು ನೋಡಿ, ಏನ್ ಮೇಡಂ, ಬೆಳಿಗ್ಗೆ ಇರಲಿಲ್ಲ, ಈಗ ಎಷ್ಟು ತಿಂಗಳು ಎಂದಳು, ಹೆರಿಗೆ ಸಂಜೆಯೊಳಗೆ ಎಂದೆ ನಾನು, ಕತೆ ಇಲ್ಲಿಗೆ ಬಂದು ನಿಂತರೆ ತರಬೇತಿಗೆ ಬಂದ ಯಾವ ತಂಡವೂ ನಗದೆ ಉಳಿದಿಲ್ಲ, ಮನೆಯಲ್ಲಿ ಯಜಮಾನರು ಮಾತ್ರ, ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಎಂದು ಪೇಪರು ಮುಖಕ್ಕೆ ಅಡ್ಡ ಹಿಡಿಯುತ್ತಾರೆ, ಹಿಡಿಯಲಿ, ಪೇಪರಿನ ಹಿಂದೆ ಅವರ ಹೊಟ್ಟೆ ಕುಲುಕುವುದು ನನಗೆ ಕಾಣುವುದಿಲ್ಲವೇ, ಆದರೆ ಇವಳು, ಗಾಜಿನಾಚೆ ನಿಂತಿರುವ ನನ್ನ ಶಿಷ್ಯೆ, ಈ ಮೌನಗೌರಿ, ನಾನಿಟ್ಟ ಹೆಸರು ಅದು, ಇವಳು ನಕ್ಕದ್ದನ್ನು ನಾನು ಕಾಣೆ, ಕತೆ ಹೇಳುವಾಗಲೆಲ್ಲ ನನ್ನ ಬಾಯನ್ನೇ ನೋಡುತ್ತಾಳೆ, ಎಲ್ಲರೂ ನಗುವ ಹೊತ್ತಿಗೆ ಕತೆಯಲ್ಲಿ ಇನ್ನೂ ಹಿಂದೆಲ್ಲೋ ಉಳಿದಿರುತ್ತಾಳೆ.

ಕಾಲು ಅಲ್ಲಾಡಿಸಬೇಡ, ಮುದುಕಿ, ಕುರ್ಚಿ ಕಿರುಗುಟ್ಟುತ್ತದೆ, ಒಳಗಿರುವ ಪರೀಕ್ಷಕರು ಈಗಾಗಲೇ ತಿರುಗಿ ನೋಡಿದರು, ಗುರುವಾದವರು ಬಾಗಿಲಿನ ಹೊರಗೆ ಕೂರಬೇಕು, ಸನ್ನೆ ಮಾಡಬಾರದು, ಕೆಮ್ಮಿದರೂ ಅದರಲ್ಲಿ ಅರ್ಥ ಇರಬಾರದು ಎಂದು ನಗುತ್ತಲೇ ಕಟ್ಟಪ್ಪಣೆ ಮಾಡಿದ್ದಾರೆ, ಅವರು ತಂದ ಸೀಸೆಗಳಲ್ಲಿ ಯಾವುದರಲ್ಲಿ ಸೋಂಕಿದೆ, ಯಾವುದರಲ್ಲಿ ಇಲ್ಲ, ಅವರಿಗಷ್ಟೇ ಗೊತ್ತು, ಇವಳು ತಪ್ಪಿಲ್ಲದೆ ಹೇಳಿದರೆ ಇಂದಿನಿಂದ ನಮ್ಮ ಸಂಶೋಧನೆಯ ರಕ್ತ ನಮ್ಮ ಕೋಣೆಯಲ್ಲೇ ಉಳಿಯುತ್ತದೆ, ತಪ್ಪಿದರೆ ಮತ್ತೆ ಐಸಿನ ಡಬ್ಬಿ, ಮತ್ತೆ ಪರದೇಶದ ವಿಮಾನ, ಎಷ್ಟು ವರ್ಷ ನನ್ನ ಕೈಯಾರೆ ಆ ಡಬ್ಬಿಗಳಿಗೆ ಮುಚ್ಚಳ ಹಾಕಿ ಕಳಿಸಿದೆ, ರಕ್ತ ನಮ್ಮದು, ಮಾತು ಅವರದು, ನಮ್ಮ ವಾರ್ಡಿನ ಮಕ್ಕಳ ಕಾಯಿಲೆಯನ್ನು ಪರದೇಶದ ಪತ್ರಿಕೆಯಲ್ಲಿ ಓದಿ ತಿಳಿದುಕೊಳ್ಳುವ ಭಾಗ್ಯ ನಮಗೆ — ಇವಳದೊಂದು ಪ್ರಶ್ನೆಯಿದೆ, ಒಳ್ಳೆಯ ಪ್ರಶ್ನೆ, ಪದೇ ಪದೇ ರಕ್ತ ಹಾಕಿಸಿಕೊಳ್ಳುವ ಮಕ್ಕಳಲ್ಲಿ ಈ ಸೋಂಕು ಮೂಳೆಯೊಳಗಿನ ಮಜ್ಜೆಯನ್ನು ಏನು ಮಾಡುತ್ತದೆ, ಔಷಧ ಕೊಟ್ಟರೂ ಕೆಲವರಿಗೆ ರಕ್ತ ಏಕೆ ಏರುವುದಿಲ್ಲ, ಆ ಪ್ರಶ್ನೆಯ ಹಣೆಬರಹವೂ ಆ ತಟ್ಟೆಯಲ್ಲೇ ಇದೆ, ಗುಳಿಗುಳಿಗೂ ಒಂದೊಂದು ಸೀಸೆಯ ರಕ್ತದ ತಿಳಿನೀರು, ಸೀರಂ, ಬಿಟ್ಟಿದ್ದಾಳೆ, ಮೂಲೆಯ ಒಂದಕ್ಕೆ ಸೋಂಕಿದೆಯೆಂದು ಮೊದಲೇ ಗೊತ್ತಿರುವ ಸೀರಂ, ಅದು ಸಾಕ್ಷಿ ಗುಳಿ, ಅದು ಹಳದಿಯಾದರೆ ಪರೀಕ್ಷೆ ನಿಜ ಹೇಳುತ್ತಿದೆ ಎಂದರ್ಥ, ಈಗ ತಟ್ಟೆ ಕಾವುಪೆಟ್ಟಿಗೆಯೊಳಗೆ, ಇನ್ನು ಕಾಯುವುದು, ಅಡುಗೆಗೂ ಇದಕ್ಕೂ ಏನು ವ್ಯತ್ಯಾಸ ಎಂದು ಕೇಳಿದ್ದರು ಯಜಮಾನರು, ಇಲ್ಲಿ ಮುಚ್ಚಳ ತೆಗೆದು ರುಚಿ ನೋಡುವಂತಿಲ್ಲ ಎಂದಿದ್ದೆ —

ದೀಪ ಆರಿತು. ಆರಿಯೇ ಹೋಯಿತು, ಕಾವುಪೆಟ್ಟಿಗೆಯ ಕೆಂಪು ಕಣ್ಣೂ ಮುಚ್ಚಿತು, ನನ್ನ ಕೈ ತಾನಾಗಿಯೇ ನಡುವಿಗೆ ಹೋಯಿತು, ಶಾಲು ಇಲ್ಲ, ಅದು ಆ ಕಾಲ, ಈಗ ಇಡೀ ಕಟ್ಟಡಕ್ಕೆ ಜನರೇಟರಿದೆ, ಎಲ್ಲಿದೆ, ಯಾಕೆ ಗುಡುಗುತ್ತಿಲ್ಲ, ಅವಳು ಇತ್ತ ನೋಡುವುದೇ ಇಲ್ಲ, ಪೆಟ್ಟಿಗೆಯ ಬಾಗಿಲಿಗೆ ಅಂಗೈಯೊತ್ತಿ ನಿಂತಿದ್ದಾಳೆ, ಜ್ವರ ಬಂದ ಮಗುವಿನ ಹಣೆ ಮುಟ್ಟಿದಂತೆ, ಬಂತು, ಬೆಳಕು ಬಂತು, ಆದರೆ ಹೋದ ಶಾಖ ಓಡೋಡಿ ಬರುವುದಿಲ್ಲ, ಅವಳು ಮುಂದುವರಿಸಿದಳು, ತೊಳೆದಳು, ಬಣ್ಣದ ದ್ರವ ಬಿಟ್ಟಳು, ನಾನು ಗಾಜಿಗೆ ಮೂಗು ಹಚ್ಚಿಯೇ ಬಿಟ್ಟೆ, ಎಲ್ಲ ಗುಳಿಗಳೂ ತಿಳಿ, ಸಾಕ್ಷಿ ಗುಳಿ ಮಾತ್ರ ಹಳದಿ, ಹಳದಿಯೆಂದರೆ ಒಗೆದೊಗೆದು ಬಣ್ಣ ಬಿಟ್ಟ ಬಟ್ಟೆಯ ಹಳದಿ, ಪರೀಕ್ಷಕರು ಯಂತ್ರದ ಅಂಕಿಯ ಕಡೆ ಬಾಗಿದರು, ಬಾಗಿಲ ಸಂದಿಯಿಂದ ಅವರ ದನಿ, ಮಿತಿಯೊಳಗೇ ಇದೆಯಲ್ಲಮ್ಮ, ಕೂದಲೆಳೆಯಷ್ಟಾದರೂ ಒಳಗೇ, ಎಲ್ಲ ಶುದ್ಧ ಅಂತ ಬರೀತೀರೋ, ಇನ್ನೊಮ್ಮೆ ಮಾಡ್ತೀರೋ, ನಿಮ್ಮಿಷ್ಟ, ನನ್ನ ಗಾಡಿ ಬರೋ ಹೊತ್ತಾಯ್ತು — ಬರಿ ಮಗಳೇ, ಬರಿ, ಮಿತಿಯೊಳಗಿದೆ ಎಂದ ಮೇಲೆ ಇದೆ, ನಿಯಮ ಅವರದೇ, ಬರೆದುಬಿಡು, ಅವಳು ತಟ್ಟೆಯನ್ನು ಎತ್ತಿದಳು, ಬೆಳಕಿಗೆ ಹಿಡಿದಳು, ಕಸದ ಕೆಂಪು ಚೀಲದೊಳಗೆ ಹಾಕಿದಳು, ಹಾಕಿಬಿಟ್ಟಳು, ಕೈಗೆ ಬಂದ ತುತ್ತು, ಇವಳಿಗೇನು ತಲೆ ಕೆಟ್ಟಿತೇ, ಇನ್ನೊಂದು ತಟ್ಟೆಗಾಗುವಷ್ಟೇ ಸೀರಂ ಉಳಿದಿದೆ, ಅದೂ ಕೆಟ್ಟರೆ ಮುಗಿಯಿತು, ಇಷ್ಟು ವರ್ಷ ಕಲಿಸಿದ್ದು ಹೊಳೆಯಲ್ಲಿ ಹುಣಿಸೆಹಣ್ಣು ಕಿವುಚಿದಂತೆ, ಮತ್ತೆ ಐಸಿನ ಡಬ್ಬಿ, ಮತ್ತೆ ಮುಚ್ಚಳ, ನಾನು ಎದ್ದೆ, ಕೂತೆ, ಎದ್ದೆ, ಎಂಥ ಜಂಬ ಈ ಹುಡುಗಿಗೆ, ಯಾರಿಂದ ಕಲಿತಳು ಇದನ್ನು —

ಯಾರಿಂದ. ಅಂದು ಇದೇ ಬಾಗಿಲಲ್ಲಿ ಸರ್ಜನ್ ನಿಂತಿದ್ದರು, ಕೈಗವಸು ತೊಟ್ಟ ಕೈಗಳನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು, ಎಲ್ಲ ತಿಳಿಯಾಗೇ ಇದೆಯಲ್ಲ ತಾಯಿ, ರಕ್ತದ ಚೀಲ ಕೊಡಿ, ಮೇಜಿನ ಮೇಲೆ ಹೆಂಗಸು ಮಲಗಿದ್ದಾಳೆ ಎಂದರು, ಎಲ್ಲವೂ ತಿಳಿಯಾಗಿತ್ತು, ನಿಜ, ಸಾಕ್ಷಿ ಗುಳಿಯೂ ತಿಳಿಯಾಗುವುದರಲ್ಲಿತ್ತು, ಸಾಕ್ಷಿಯೇ ತೊದಲುವಾಗ ತೀರ್ಪೆಲ್ಲಿಂದ ಬರಬೇಕು, ಆಗುವುದಿಲ್ಲ ಡಾಕ್ಟ್ರೇ, ಇನ್ನೊಮ್ಮೆ ಮಾಡುತ್ತೇನೆ, ಆ ತನಕ ಅವರನ್ನು ಹೇಗಾದರೂ ಹಿಡಿದುಕೊಂಡಿರಿ ಎಂದೆ, ತಟ್ಟೆ ಬಿಸಾಡಿದೆ, ಅವರು ಅಂದ ಮಾತು ಈಗ ಬೇಡ, ಹೊಟ್ಟೆಗೆ ಕಟ್ಟಿಕೊಂಡದ್ದು ಆಮೇಲೆ, ನಗು ಬಂದದ್ದು ಆಮೇಲೆ, ಆ ಎರಡನೆಯ ತಟ್ಟೆಯಲ್ಲಿ ಸಾಕ್ಷಿಯ ಜೊತೆಗೆ ಇನ್ನೊಂದು ಹಳದಿ ಗುಳಿ, ಆ ಹೆಂಗಸಿಗೆಂದೇ ತೆಗೆದಿರಿಸಿದ್ದ ಚೀಲದ್ದು — ಈಗ ಹೊರಗೆ ಗಾಡಿ ಹಾರನ್ ಹೊಡೆಯುತ್ತಿದೆ, ಹೊಡೆಯಲಿ, ಪರೀಕ್ಷಕರು ಕದಲಿಲ್ಲ, ಅವಳ ಎರಡನೆಯ ತಟ್ಟೆಯ ಮೇಲೆ ಬಾಗಿದ್ದಾರೆ, ಅವಳೂ ಬಾಗಿದ್ದಾಳೆ, ಎರಡು ತಲೆಗಳ ನಡುವಿನ ಸಂದಿನಲ್ಲಿ ನನಗೆ ಕಾಣುತ್ತದೆ, ಸಾಕ್ಷಿ ಗುಳಿ ಉರಿಯುತ್ತಿದೆ, ಮತ್ತು ಆ ಸಾಲಿನ ಮಧ್ಯೆ, ಮೊದಲ ತಟ್ಟೆಯಲ್ಲಿ ಬರಿಯ ನೀರಾಗಿದ್ದ ಕಡೆ, ಮೆಲ್ಲಗೆ ಹಳದಿ ಏರುತ್ತಿದೆ, ಪರೀಕ್ಷಕರು ನೆಟ್ಟಗಾದರು, ನನ್ನತ್ತ ತಿರುಗಿದರು, ಕನ್ನಡಕ ತೆಗೆದು ಸರಿಯೆಂದು ತಲೆಯಾಡಿಸಿದರು, ಸನ್ನೆ ಮಾಡಬಾರದೆಂದವರು ತಾವೇ. ಬಾಗಿಲು ತೆರೆಯಿತು, ಅವಳು ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕುಸಿದಳು, ಮೇಡಂ, ಆ ಕತೆ ಇನ್ನೊಂದ್ಸಲ ಹೇಳ್ತೀರಾ, ಯಾವುದು, ಹೊಟ್ಟೆಗೆ ಕಟ್ಟಿಕೊಂಡದ್ದೇ ಎಂದೆ, ಅಲ್ಲ ಮೇಡಂ, ಅದಕ್ಕೂ ಮುಂಚಿಂದು, ಮೊದಲನೇ ತಟ್ಟೆ ಬಿಸಾಡಿದ್ದು, ಅದನ್ನ ಯಾವಾಗಲೂ ಒಂದೇ ಉಸಿರಲ್ಲಿ ದಾಟಿಬಿಡ್ತೀರಿ, ಆಗ ನಿಮಗೆ ಹೆದರಿಕೆ ಆಗಿತ್ತಾ, ಬಾಯಿ ತೆರೆದೆ, ಎಲ್ಲಿಂದ ತೊಡಗಲಿ, ಕರೆಂಟಿನಿಂದಲೇ, ಸರ್ಜನ್ನಿನ ಕೈಗಳಿಂದಲೇ, ಹಳದಿ, ಅಷ್ಟೆ, ನೀರಿನಷ್ಟು ತಿಳಿಯಾದ ಸಾಲಿನಲ್ಲಿ ಒಂದೇ ಒಂದು ಗುಳಿ, ಹಳದಿ — ಹೇಳಿ ಮೇಡಂ.