ಬರಿ ಗಾಜಿನ ತಳ

ಕ್ವೆಟಾ ಮೀನಿನ ತೊಟ್ಟಿಗಿಳಿಸಿದ್ದ ರಬ್ಬರ್ ನಳಿಗೆಯ ತುದಿಯನ್ನು ಬಾಯಿಗಿಟ್ಟು ಉಸಿರೆಳೆದಳು. ನೀರು ನಾಲಿಗೆಗೆ ತಾಗುವ ಮೊದಲೇ ತುದಿಯನ್ನು ಬಕೆಟ್ಟಿಗೆ ಇಳಿಸಬೇಕಿತ್ತು. ಅವಳಿಗೆ ಬಾಯಿತುಂಬ ಮೀನಿನ ನೀರು ಬಂತು. ಥೂ ಎಂದು ಉಗಿದು, ಹನಿಗಳು ಬಿದ್ದ ಕರಿ ಉಡುಪನ್ನು ಅಂಗೈಯಿಂದ ಒರೆಸಿಕೊಂಡಳು.

"ಅಮ್ಮಾ, ಕಾರು ಬಂದು ಹತ್ತು ನಿಮಿಷ ಆಯ್ತು," ಮಗಳು ರಾದ್ಕಾ ಬಾಗಿಲಲ್ಲಿ ನಿಂತು ಹೇಳಿದಳು. "ಒಂದು ದಿನ ಗಲೀಜಲ್ಲಿದ್ರೆ ಮೀನೇನೂ ಸಾಯಲ್ಲ."

"ಸಾಯ್ತವೆ. ನಿಮ್ಮಪ್ಪನ ಮೀನು ಇವು. ಅವನಿಲ್ಲ ಅಂತ ಗೊತ್ತಾಗೋದನ್ನೇ ಕಾಯ್ತಾ ಇವೆ."

ಗೋಡೆಯುದ್ದದ ತೊಟ್ಟಿಯಲ್ಲಿ ತಟ್ಟೆಯಗಲದ ಎಂಟು ಡಿಸ್ಕಸ್ ಮೀನುಗಳು ತೇಲುತ್ತಿದ್ದವು. ಮರಳಿಲ್ಲ, ಗಿಡವಿಲ್ಲ, ಒಂದು ಕಲ್ಲೂ ಇಲ್ಲ. ಬರಿ ಗಾಜಿನ ತಳ. ನಲವತ್ತು ವರ್ಷ ಇದೇ ಜಗಳ. "ಆಸ್ಪತ್ರೆ ವಾರ್ಡು ಇದ್ದಂಗಿದೆ, ಒಂದು ಹಿಡಿ ಮರಳು ಹಾಕಿದ್ರೆ ನಿನ್ನ ಗಂಟೇನು ಹೋಗುತ್ತೆ?" ಎಂದು ಅವಳು ಕೇಳುತ್ತಿದ್ದಳು. "ತಳ ಕಾಣ್ತಾ ಇರಬೇಕು" ಎನ್ನುವುದಷ್ಟೇ ಗಂಡ ಒಟಕರನ ಉತ್ತರ. ಅವನು ದಿನಾ ಬೆಳಿಗ್ಗೆ ಮಂಡಿಯೂರಿ ಕೂತು ಆ ತಳವನ್ನು ಕನ್ನಡಿಯ ಹಾಗೆ ಮಾಡುತ್ತಿದ್ದ. ಮಂಗಳವಾರ ಹಾಗೇ ಕೂತಿದ್ದವನು ಪಕ್ಕಕ್ಕೆ ಒರಗಿದ. ನಳಿಗೆಯಿಂದ ನೀರು ಹರಿದು ಅಡುಗೆಮನೆಗೆ ಬಂದಾಗಲೇ ಅವಳಿಗೆ ತಿಳಿದದ್ದು.

*

ಮೊದಲು ಹಾಗಿರಲಿಲ್ಲ. ರಾದ್ಕಾ ಮೂರು ವರ್ಷದವಳಿದ್ದಾಗ ಮನೆಯಲ್ಲಿದ್ದ ಚಿಕ್ಕ ತೊಟ್ಟಿಯಲ್ಲಿ ಕರಿ ಮರಳಿತ್ತು, ಗಿಡಗಳಿದ್ದವು. ಗಿಡಗಳನ್ನು ತಂದವನು ಕ್ವೆಟಾಳ ತಮ್ಮ ವೀತೆಕ್. ಭಾವ, ಭಾವಮೈದುನ ಇಬ್ಬರೂ ಕಾರ್ವಿನಾದ ಕಲ್ಲಿದ್ದಲು ಗಣಿಯಲ್ಲಿ ಒಂದೇ ತಂಡದವರು.

ಆ ಮಾರ್ಚಿನಲ್ಲಿ ಕೆಳಗಿನ ಸುರಂಗದಲ್ಲಿ ಅನಿಲ ಸಿಡಿಯಿತು. ಬೆಳಿಗ್ಗೆ ಬುತ್ತಿ ಹಿಡಿದು ಗಣಿಗೆಂದೇ ಹೊರಟಿದ್ದ ಒಟಕರ್ ಸಂಜೆ ಬದುಕಿ ಬಂದ. "ನಾನು ಮೇಲಿನ ಸುರಂಗದಲ್ಲಿದ್ದೆ," ಎಂದ. ವೀತೆಕ್ ಬರಲಿಲ್ಲ. ಬೆಂಕಿ ಆರದೆ ಆ ಸುರಂಗಕ್ಕೆ ಗೋಡೆ ಕಟ್ಟಿ ಮುಚ್ಚಿದರು. ಏಳು ಹೆಣಗಳು ಒಳಗೇ ಉಳಿದವು.

ಮೂರನೆಯ ದಿನ ಒಟಕರ್ ತೊಟ್ಟಿಯ ಮುಂದೆ ನಿಂತು ಬರಿಗೈಯಲ್ಲಿ ಮರಳನ್ನು ಬಾಚಿ ಬಾಚಿ ಹೊರಗೆ ಹಾಕಿದ. ಮೊಣಕೈವರೆಗೆ ಕರಿ ನೀರು. ಅವಳು ಯಾಕೆಂದು ಕೇಳಿದ್ದಕ್ಕೆ, "ಮರಳಡಿ ಕೊಳೀತಾ ಇರುತ್ತೆ. ಕಣ್ಣಿಗೆ ಕಾಣಲ್ಲ, ಕೊಳೀತಾ ಇರುತ್ತೆ," ಎಂದ. ಮೀನಿನ ಮಾತೆಂದೇ ಅವಳು ತಿಳಿದಳು.

ಅವಳ ತಾಯಿ ಸಾಯುವವರೆಗೂ ಒಂದೇ ಪ್ರಶ್ನೆ ಕೇಳಿದಳು: "ಅವತ್ತು ಅವನಿಗೆ ರಜೆ ಇತ್ತಲ್ಲೇ. ಯಾಕೆ ಇಳಿದ ನನ್ನ ಮಗ?" ಆಗೆಲ್ಲ ಒಟಕರ್ ಊಟದ ಮಧ್ಯದಲ್ಲೇ ಎದ್ದು ಮೀನಿನ ಹತ್ತಿರ ಹೋಗುತ್ತಿದ್ದ.

*

ಚಿತಾಗಾರದ ಪರದೆ ಮುಚ್ಚಿದ ಮೇಲೆ ಎಲ್ಲರೂ ಪಕ್ಕದ ಹೋಟೆಲಿಗೆ ಬಂದರು. ಗುಲಾಶ್ ಎಂಬ ಮಾಂಸದ ಸಾರು, ಬ್ರೆಡ್ಡು, ಪ್ಲಮ್ ಹಣ್ಣಿನ ಬ್ರಾಂದಿ. ಹಳೆಯ ತಂಡದಲ್ಲಿ ಉಳಿದಿದ್ದವನು ಬೆದ್ರಿಖ್ ಒಬ್ಬನೇ. ಅವನ ಉಸಿರು ಮೇಜಿನ ಆಚೆಗೂ ಸುಯ್ಯೆಂದು ಕೇಳುತ್ತಿತ್ತು.

"ಆ ಮೊದಲ ಜೋಡಿ ಡಿಸ್ಕಸ್ ಅಪ್ಪಂಗೆ ಎಲ್ಲಿ ಸಿಕ್ತು, ಬೆದ್ರಿಖ್ ಮಾಮ?" ರಾದ್ಕಾ ಕೇಳಿದಳು.

"ದೂರದ ಬ್ರನೋದಲ್ಲಿ. ಆಗೆಲ್ಲ ಅವು ಸಿಗ್ತಿದ್ವಾ? ಇವತ್ತೇ ಬಾ, ಇಲ್ದಿದ್ರೆ ಬೇರೆಯವರಿಗೆ ಕೊಡ್ತೀನಿ ಅಂದಿದ್ದ ಮಾರೋನು. ತಿಂಗಳುಗಟ್ಲೆ ನನ್ನ ಮನೇಲಿ ಬಚ್ಚಿಟ್ಟಿದ್ವಿ. ನಿಮ್ಮಪ್ಪ ಅವತ್ತಿನ ಪಾಳಿ ತಪ್ಪಿಸೋ ಹಾಗಿರ್ಲಿಲ್ಲ, ಅದಕ್ಕೇ ವೀತೆಕ್..."

ಬೆದ್ರಿಖ್ ಎತ್ತಿದ ಲೋಟ ಬಾಯಿಗೂ ಹೋಗಲಿಲ್ಲ, ಕೆಳಗೂ ಇಳಿಯಲಿಲ್ಲ.

"ಅದಕ್ಕೇ ವೀತೆಕ್ ಏನು?" ಕ್ವೆಟಾ ಕೇಳಿದಳು.

"ನಿಂಗೆ ಹೇಳಿರ್ತಾನೆ ಅಂದ್ಕೊಂಡಿದ್ದೆ ಕಣಮ್ಮ. ಇಷ್ಟು ವರ್ಷದಲ್ಲಿ..."

"ಹೇಳು."

"ಭಾವನ ಪಾಳಿಗೆ ಅವನೇ ಇಳಿದ. ನಗ್ತಾನೇ ಇಳಿದ. ಒಂದು ಮರಿ ನಂಗೂ ಬೇಕು ಅಂದಿದ್ದ."

ರಾದ್ಕಾ ಅಮ್ಮನ ತೋಳು ಹಿಡಿಯಲು ಹೋದಳು. ಕ್ವೆಟಾ ಕೈ ಕೊಡವಿಕೊಂಡಳು.

"ಯಾರ್ಯಾರಿಗೆ ಗೊತ್ತಿತ್ತು?"

"ತಂಡದವ್ರಿಗೆಲ್ಲ."

"ಪ್ರತಿ ಕ್ರಿಸ್‌ಮಸ್ಸಿಗೂ ನನ್ನ ಮನೇಲಿ ಉಂಡ್ರಿ. ನಮ್ಮಮ್ಮನ ಪಕ್ಕದಲ್ಲೇ ಕೂತು ಉಂಡ್ರಿ."

ಬೆದ್ರಿಖ್ ತಲೆ ತಗ್ಗಿಸಿದ. "ಒಟಕರ್ ನಮ್ಮ ಕಾಲು ಹಿಡ್ಕೊಂಡು ಬೇಡ್ಕೊಂಡ, ಕ್ವೆಟಾ. ನಾನೇ ಹೇಳ್ತೀನಿ, ಸ್ವಲ್ಪ ದಿನ ಬಿಡಿ ಅಂತ."

*

ಮನೆಗೆ ಬಂದವಳು ಕೋಟು ಬಿಚ್ಚದೆ ತೊಟ್ಟಿಯ ಮುಂದೆ ಕೂತಳು. ಒಂದು ಜೋಡಿಯ ಮೈಗೆ ಸಾಸಿವೆಗಿಂತ ತುಸು ದೊಡ್ಡ ಮರಿಗಳು ಅಂಟಿಕೊಂಡು, ಆ ಮೈಯ ಲೋಳೆಯನ್ನೇ ತಿನ್ನುತ್ತಿದ್ದವು. ನಲವತ್ತು ವರ್ಷ, ಒಂದರ ಮೈ ಒಂದು ತಿಂದು ಬಂದ ಸಂತತಿ. ಒಂದೇಟಿಗೆ ಗಾಜು ಒಡೆದುಬಿಡಬಹುದಿತ್ತು. ಅವಳ ಕೈ ಮೊಣಕಾಲ ಮೇಲೇ ಉಳಿಯಿತು.

ರಾದ್ಕಾ ಬಚ್ಚಲಿನಿಂದ ಒಂದು ಬಕೆಟ್ ಹೊತ್ತು ತಂದಳು. ಅದರ ತುಂಬ ಬಿಳಿ ಮರಳು. "ನೀನು ಇಷ್ಟು ವರ್ಷದಿಂದ ಕೇಳ್ತಿದ್ಯಲ್ಲ ಅಂತ ನಿನ್ನೆ ತಂದೆ. ನೀರು ತಿಳಿಯಾಗೋವರೆಗೂ ತೊಳ್ದಿದೀನಿ." ದನಿ ತಗ್ಗಿತು. "ಈಗ... ಹಾಕ್ಲಾ, ಬೇಡ್ವಾ ಅಮ್ಮಾ?"

ಕ್ವೆಟಾ ಎದ್ದು ಒಂದು ಹಿಡಿ ತೆಗೆದುಕೊಂಡಳು. ಬೆರಳ ಸಂದಿನಿಂದ ನೀರು ಇಳಿದು ನಿಲ್ಲುವವರೆಗೂ ಬಿಗಿಯಾಗಿ ಹಿಡಿದಿದ್ದಳು. ಆಮೇಲೆ ಗುಂಡಿಗೆ ಮಣ್ಣು ಹಾಕುವವಳಂತೆ ತೊಟ್ಟಿಯ ನಡುವೆ ಕೈ ಚಾಚಿ, ಮುಷ್ಟಿಯನ್ನು ನೀರಿಗೆ ತಾಗಿಸಿ ಬಿಚ್ಚಿದಳು.

"ಸಾಕು. ಉಳಿದದ್ದನ್ನ ಕೆಳಗೆ ಅಂಗಳಕ್ಕೆ ಒಯ್ದು ಸುರಿ."

ಮೀನುಗಳು ಬೆದರಿ ಮೂಲೆಗೆ ಸೇರಿದವು. ಮರಳು ದೀಪದ ಬೆಳಕಿನಲ್ಲಿ ಮೆಲ್ಲನೆ ಇಳಿದು ಇಳಿದು, ಬರಿ ಗಾಜಿನ ಮೇಲೆ ಅಂಗೈಯುದ್ದದ ಒಂದು ದಿಬ್ಬವಾಗಿ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಒಂದು ಮೀನು ಒಂಟಿಯಾಗಿ ಬಂದು, ಮೈ ಓರೆ ಮಾಡಿ, ಅದನ್ನು ಒಂದೇ ಕಣ್ಣಿನಿಂದ ನೋಡತೊಡಗಿತು.